ಮೆಂಬರ್ ಸಾಹೇಬರ ಇದ್ದಲಿ ಅರ್ಜಿ

ಯುದ್ಧದ ವರ್ಷಗಳಲ್ಲಿ ಪೆಟ್ರೋಲು ಸಿಗದಂತಾಗಿ ನಮ್ಮ ಕಡೆಯ ಬಸ್ಸುಗಳು ಇದ್ದಲಿ ತಿನ್ನಲು ಕಲಿತವು. ಬಸ್ಸಿನ ಹಿಂಭಾಗಕ್ಕೆ ಆಳೆತ್ತರದ ಕಬ್ಬಿಣದ ಭಟ್ಟಿ ಕಟ್ಟಿರುತ್ತಿದ್ದರು. ಬೆಳಿಗ್ಗೆ ಕ್ಲೀನರ್ ಅದಕ್ಕೆ ಇದ್ದಲಿ ಸುರಿದು, ಬೆಂಕಿ ಹಚ್ಚಿ, ಪಂಖದ ಹಿಡಿಕೆ ತಿರುಗಿಸುತ್ತ ಅರ್ಧ ಗಂಟೆ ಬೆವರು ಸುರಿಸಿದ ಮೇಲೆ ಎಂಜಿನ್ನು ಕೆಮ್ಮುತ್ತ ಏಳುತ್ತಿತ್ತು. ನಾನು ಆಗ ಜೇವರ್ಗಿಯ ತಹಸೀಲು ಕಚೇರಿಯ ಮುಂದೆ ಬೇವಿನ ಗಿಡದ ಕೆಳಗೆ ಕೂತು ಸರ್ಕಾರಿ ಭಾಷೆಯಾಗಿದ್ದ ಉರ್ದುವಿನಲ್ಲಿ ಅರ್ಜಿ ಬರೆದು ಕೊಡುತ್ತಿದ್ದೆ. ಕೂತು ಎಂದೆನಲ್ಲ, ಅದು ಪೂರ್ತಿ ನಿಜವಲ್ಲ. ಎರಡು ಸಾಲು ಬರೆದರೆ ಎದ್ದು ಚಾದಂಗಡಿಯವರೆಗೆ ಹೋಗಿಬರಬೇಕು, ಮತ್ತೆರಡು ಸಾಲಿಗೆ ಬಸ್ಸು ಬಂತೇ ಎಂದು ರಸ್ತೆ ನೋಡಬೇಕು. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವನು ಎಂದು ಅವ್ವ ಬೈಯುತ್ತಿದ್ದಳು. ಈಗ ಮೊಣಕಾಲು ಹಿಡಿದುಕೊಂಡಿವೆ. ಆದರೂ ಈ ಒಂದು ಸಂಗತಿ ನೆನಪಾದರೆ ಎದ್ದು ಪಡಸಾಲೆಯಲ್ಲಿ ತಿರುಗುತ್ತೇನೆ. ಇಷ್ಟು ಬರೆಯುವುದರೊಳಗೆ ಎರಡು ಸಲ ಎದ್ದಾಗಿದೆ.

ನಮ್ಮೂರು ಕೊಳಕೂರಿನ ಆಚೆ ಒಂದು ಹರದಾರಿ, ಹಳ್ಳದ ದಂಡೆಯ ಮೇಲೆ. ನಮ್ಮದು ಸತ್ತ ದನದ ತೊಗಲು ಹದ ಮಾಡುವ ಕೇರಿ. ಬಾವಿಯಿಂದ ನೀರೆತ್ತುವ ತೊಗಲ ಬಾನಿ, ಎತ್ತು ಕಟ್ಟುವ ಮಿಣಿ, ಬಾರಕೋಲು, ಕಾಲಿಗೆ ಚಪ್ಪಲಿ, ಎಲ್ಲವೂ ರೈತರಿಗೆ ನಮ್ಮ ಕೇರಿಯಿಂದಲೇ ಹೋಗಬೇಕು. ನಾವು ಮಾತ್ರ ಊರ ಬಾವಿಯ ಹತ್ತಿರ ಹೋಗಬಾರದು. ನಾವು ಹೊಲಿದ ಬಾನಿ ಆ ನೀರಿನಲ್ಲಿ ಮುಳುಗಿ ಏಳಬಹುದು. ಇದರ ಬಗ್ಗೆ ನನಗೆ ಸಣ್ಣವನಿದ್ದಾಗಿನಿಂದಲೂ ಸಿಟ್ಟು. ಅಪ್ಪನಿಗೆ ಸಿಟ್ಟು ಬರುತ್ತಿತ್ತೋ ಇಲ್ಲವೋ ನಾನು ಕೇಳಲೇ ಇಲ್ಲ.

ತೊಗಲನ್ನು ಮೊದಲು ಸುಣ್ಣದ ಗುಂಡಿಯಲ್ಲಿ ನೆನೆಹಾಕಿ ಕೂದಲು ಕೆರೆಯುತ್ತಿದ್ದರು. ಆಮೇಲೆ ಚೀಲದ ಹಾಗೆ ಹೊಲಿದು, ಜಾಲಿ ತೊಗಟೆ ಕುಟ್ಟಿ ನೆನೆಸಿದ ಕೆಂಪು ನೀರನ್ನು ಅದರ ಹೊಟ್ಟೆ ತುಂಬ ತುಂಬಿ ಗಿಡದ ಕೊಂಬೆಗೆ ತೂಗುಹಾಕುತ್ತಿದ್ದರು. ನೀರು ಹನಿಹನಿಯಾಗಿ ಜಿನುಗಿ ತೊಗಲು ಹದಕ್ಕೆ ಬರುತ್ತಿತ್ತು. ಜಾಲಿ ಇಲ್ಲದಿದ್ದರೆ ತೊಗಲು ಕೊಳೆಯುತ್ತದೆ, ಕಸುಬು ಮುಗಿಯುತ್ತದೆ. ಹಳ್ಳದ ಎರಡೂ ದಂಡೆಯ ಸರ್ಕಾರಿ ಗೈರಾಣಿನಲ್ಲಿ, ಅಂದರೆ ದನ ಮೇಯಿಸುವ ಬಯಲಿನಲ್ಲಿ, ಜಾಲಿ ದಟ್ಟವಾಗಿತ್ತು. ಅದನ್ನು ಸುಲಿಯುವುದಕ್ಕೆ ಕೇರಿಯಲ್ಲಿ ಒಂದು ಕಟ್ಟಳೆ ಇತ್ತು. ಒಂದು ವರ್ಷ ಗಿಡದ ಒಂದು ಮಗ್ಗುಲಿನ ತೊಗಟೆ ಮಾತ್ರ ತೆಗೆಯಬೇಕು. ಆ ಗಾಯ ತುಂಬಿದ ಮೇಲೆಯೇ ಇನ್ನೊಂದು ಮಗ್ಗುಲಿಗೆ ಕೈ ಹಾಕಬೇಕು. ಅವಸರಕ್ಕೆ ಸುತ್ತಲೂ ಸುಲಿದವನಿಗೆ ಆ ವರ್ಷ ತೊಗಟೆ ಬಂದ್.

"ಗಿಡ ನೀ ಹಚ್ಚಿದ್ದಲ್ಲ ಮಗನ, ನಿನ್ನ ಮೊಮ್ಮಗನೂ ಸುಲೀಬೇಕು" ಎಂದು ಅಪ್ಪ ನನಗೆ ಹೇಳುತ್ತಿದ್ದ. ನನ್ನ ಮೊಮ್ಮಗ ಸುಣ್ಣದ ಗುಂಡಿಗೆ ಇಳಿಯುವ ಮಾತು ಕೇಳಿದರೇ ನನಗೆ ಮೈ ಉರಿಯುತ್ತಿತ್ತು.

ನಾನು ಆಳಂದದಲ್ಲಿ ಸೋದರಮಾವನ ಮನೆಯಲ್ಲಿದ್ದು, ಶಾಲೆಯ ಬಾಗಿಲ ಬಳಿ ಬೇರೆ ತಟ್ಟಿನ ಮೇಲೆ ಕೂತು, ಉರ್ದು ಏಳನೇ ಇಯತ್ತೆ ಮುಗಿಸಿದ್ದೆ. ನಮ್ಮ ಕೇರಿಯಲ್ಲಿ ಸುಣ್ಣಕ್ಕೆ ಕೈ ಹಾಕದೆ ಹೊಟ್ಟೆ ಹೊರೆದ ಮೊದಲ ಗಂಡಸು ನಾನೇ. ಅರ್ಜಿಯ ಕೆಳಗೆ ರುಜು ಮಾಡುವವನೂ ನಾನೊಬ್ಬನೇ, ಉಳಿದವರೆಲ್ಲ ಹೆಬ್ಬೆಟ್ಟು. ಆ ರುಜುವಿನ ಸೊಕ್ಕು ನನಗೆಷ್ಟಿತ್ತೆಂದರೆ ಕೆಲಸವಿಲ್ಲದ ಹೊತ್ತಿನಲ್ಲಿ ಹಳೆಯ ಕಾಗದದ ಮೇಲೆ ನನ್ನದೇ ರುಜು ಹತ್ತಾರು ಸಲ ಹಾಕಿ ನೋಡುತ್ತಿದ್ದೆ.

ಮೆಂಬರ್ ಸಾಹೇಬರು ನನ್ನನ್ನು ಹುಡುಕಿಕೊಂಡು ಬಂದದ್ದು ಆ ಬೇವಿನ ಗಿಡದ ಕೆಳಗೇ. ಅಫಜಲಪುರ ಕಡೆಯ ದೊಡ್ಡ ಜಮೀನ್ದಾರರು ಅವರು. ಜಿಲ್ಲೆಯ ಕಮಿಟಿಯಲ್ಲಿ ಬಹಳ ಕಾಲ ಮೆಂಬರ್ ಆಗಿದ್ದರು. ಮೆಂಬರಿಕೆ ಹೋಗಿ ಮೂರು ವರ್ಷವಾಗಿತ್ತು, ಆದರೆ ನಮ್ಮ ಕಡೆ ಒಂದು ಚಾಳಿ ಇದೆ: ಒಮ್ಮೆ ಹತ್ತಿದ ಹುದ್ದೆ ಮೈಗೆ ಅಂಟಿದ ಹಚ್ಚೆಯಂತೆ, ಚಿತೆಯವರೆಗೂ ಬರುತ್ತದೆ. ಕುರ್ಚಿ ಹೋದದ್ದು ಯಾರಿಗೂ ನೆನಪಿರುವುದಿಲ್ಲ. ನಮ್ಮ ಕೇರಿಯವರಂತೂ ಅವರನ್ನು ಈಗಲೂ ಸರ್ಕಾರವೇ ಎಂದು ತಿಳಿದಿದ್ದರು. ಅದಕ್ಕೆ ಕಾರಣವೂ ಇತ್ತು. ಹುದ್ದೆಯಲ್ಲಿದ್ದಾಗ, ಊರವರೆಲ್ಲ ಮುಖ ತಿರುವಿದರೂ ಬಿಡದೆ, ನಮ್ಮ ಕೇರಿಗೆಂದೇ ಒಂದು ಕುಡಿಯುವ ನೀರಿನ ಬಾವಿ ತೋಡಿಸಿದವರು ಅವರು. ಆ ಬಾವಿಯ ನೀರು ಕುಡಿದೇ ನಾನು ಬೆಳೆದೆ. ಅವರನ್ನು ಕೆಟ್ಟವರೆಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಲು ನನಗೆ ಇಂದಿಗೂ ಆಗುವುದಿಲ್ಲ.

ಈಗ ಅವರಿಗೆ ಹೊಸ ಉದ್ಯೋಗ ಹತ್ತಿತ್ತು. ಸೊಲ್ಲಾಪುರ ಕಡೆಯಿಂದ ಬಂದ ಒಂದು ಇದ್ದಲಿ ಕಂಪನಿ ಬಸ್ಸುಗಳಿಗೂ ಗಿರಣಿಗಳಿಗೂ ಇದ್ದಲಿ ಒದಗಿಸುವ ಗುತ್ತಿಗೆ ಹಿಡಿದಿತ್ತು. ಇದ್ದಲಿಗೆ ಜಾಲಿಯಂಥ ಕಟ್ಟಿಗೆ ಇನ್ನೊಂದಿಲ್ಲ. ಜಾಲಿ ಇರುವುದೆಲ್ಲ ಸರ್ಕಾರಿ ಗೈರಾಣಿನಲ್ಲಿ, ಅದನ್ನು ಕಡಿಯಲು ಅಧಿಕಾರಿಗಳ ಅಪ್ಪಣೆ ಬೇಕು, ಅಪ್ಪಣೆಗೆ ಊರವರ ಒಪ್ಪಿಗೆಯ ಮಹಜರು ಬೇಕು. ಕಂಪನಿಯವರ ಮಾತನ್ನು ಯಾವ ಕಚೇರಿಯಲ್ಲಿ ಕೇಳುತ್ತಾರೆ? ಮೆಂಬರ್ ಸಾಹೇಬರ ಮಾತನ್ನು ಎಲ್ಲ ಕಚೇರಿಯಲ್ಲೂ ಕೇಳುತ್ತಿದ್ದರು. ಅವರ ಕೆಲಸದ ಹೆಸರು ಸಿಫಾರಸು.

"ಅರೆ ಮುನ್ಷಿ, ನಿನ್ನ ಅಕ್ಷರ ಛಲೋ ಅವ ಅಂತ ಕೇಳೇನಿ" ಎಂದರು ಅವರು, ಕೊಡೆ ಮಡಚುತ್ತ. "ನನ್ನ ಕೂಡ ತಿರುಗು. ಮೂರು ತಾಲೂಕು. ಅರ್ಜಿ ಬರಿ, ಮಹಜರ್ ಬರಿ. ಕೆಲಸ ಮುಗೀತಂದ್ರ ಕಚೇರಿಯಾಗ ನಿನಗ ಪಕ್ಕಾ ನೌಕರಿ ಹಚ್ಚಿಸ್ತೇನಿ."

ಅಲ್ಲಿಯವರೆಗೆ ನನ್ನನ್ನು ಮುನ್ಷಿ ಎಂದು ಕರೆದವರಿರಲಿಲ್ಲ. ಕಚೇರಿಯೊಳಗಿನ ಪಕ್ಕಾ ನೌಕರಿಯೆಂದರೆ ಕುರ್ಚಿ, ಮೇಜು, ತಲೆಯ ಮೇಲೆ ಹಂಚು. ಆ ದಿನ ಒಂದೇ ಒಂದು ಅರ್ಜಿಯೂ ನನ್ನ ಕೈಯಿಂದ ಮುಗಿಯಲಿಲ್ಲ, ಊಟ ಸೇರಲಿಲ್ಲ. ಮರುದಿನ ಬಸ್ಸು ಹತ್ತಿದೆ.

ಆ ತಿರುಗಾಟ ನನಗೆ ಹೇಳಿ ಮಾಡಿಸಿದ್ದು. ಆಳಂದದಲ್ಲಿ ಒಂದು ಕಚೇರಿ, ಅಫಜಲಪುರದಲ್ಲಿ ಇನ್ನೊಂದು, ನಡುವೆ ಭೀಮೆ ದಾಟಿ ಘತ್ತರಗಿ, ಮತ್ತೆ ಜೇವರ್ಗಿ, ಅಲ್ಲಿಂದ ಯಡ್ರಾಮಿ. ಎಲ್ಲ ಕಡೆಯೂ ಒಂದೇ ಆಟ. ಸಾಹೇಬರು ಬಾಗಿಲಲ್ಲಿ ಕಾಣುತ್ತಲೇ ಅಧಿಕಾರಿ ಎದ್ದು ನಿಲ್ಲುವುದು, "ಬರ್ರಿ ಬರ್ರಿ, ಮೆಂಬರ್ ಸಾಹೇಬ್ರ" ಎನ್ನುವುದು, ಚಾ ತರಿಸುವುದು. ಸಾಹೇಬರು ಜಾಲಿಯ ಮಾತನ್ನು ಮೊದಲಿಗೆ ಎತ್ತುತ್ತಲೇ ಇರಲಿಲ್ಲ. ಅಧಿಕಾರಿಯ ಮಗಳ ಮದುವೆ, ಹಿಂದೆ ತಾವು ಹೇಳಿ ಮಾಡಿಸಿಕೊಟ್ಟ ವರ್ಗಾವಣೆ, ಅವರ ತಂದೆಯ ಆರೋಗ್ಯ, ಇವೆಲ್ಲ ಆದ ಮೇಲೆ ಎದ್ದು ನಿಂತು, ಏನೋ ಮರೆತಿದ್ದವರಂತೆ, "ಹಾಂ, ಒಂದು ಸಣ್ಣ ಕಾಗದ ಅದ" ಎನ್ನುತ್ತಿದ್ದರು. ಆಗ ನಾನು ಕಾಗದ ಮುಂದಿಡಬೇಕು. ಆಳಂದದಲ್ಲಿ ಒಬ್ಬ ಗಿಡ್ಡನೆಯ ಅಧಿಕಾರಿ ಓದದೆಯೇ ಮೊಹರು ಹಾಕಿದ. ಓದದ ಕಾಗದಕ್ಕೆ ಮೊಹರು ಹಾಕುವವನಿಗೂ ಓದಲು ಬಾರದೆ ಹೆಬ್ಬೆಟ್ಟು ಒತ್ತುವವನಿಗೂ ಏನು ವ್ಯತ್ಯಾಸ ಎಂದು ಆಗ ಅನಿಸಿತ್ತು. ಅನಿಸಿದ್ದೆಲ್ಲ ಹೇಳಿದ್ದರೆ ನಾನು ಬೇರೆ ಮನುಷ್ಯನಾಗುತ್ತಿದ್ದೆ.

ಸರದಿ ನಮ್ಮ ಹಳ್ಳಕ್ಕೆ ಬಂತು. ಬರುತ್ತದೆಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಬರಲಿಕ್ಕಿಲ್ಲ ಎಂದುಕೊಂಡು ದಿನ ದೂಡಿದ್ದೆ.

"ಒಣಗಿದ ಗಿಡ ಅಷ್ಟ ಕಡೀತಾರ. ಹಸೀದು ಮುಟ್ಟಂಗಿಲ್ಲ. ನಿಮ್ಮ ಕೇರಿಯವರಿಗೆ ಕೂಲಿನೂ ಸಿಗ್ತದ" ಎಂದರು ಸಾಹೇಬರು. ಅವರು ಹೇಳಿ ಬರೆಸಿದ ಮಹಜರಿನಲ್ಲಿ ಒಣಗಿದ ಎಂಬ ಪದವೇ ಇರಲಿಲ್ಲ. 'ಗೈರಾಣಿನ ಮುಳ್ಳುಗಿಡಗಳನ್ನು ಕಂಪನಿಯವರು ಕಡಿದುಕೊಂಡು ಹೋಗಲು ನಮ್ಮ ಯಾವ ತಕರಾರೂ ಇಲ್ಲ' ಎಂದಿತ್ತು. ಬರೆದದ್ದು ನಾನೇ. ಆ ಪದ ಎಲ್ಲಿ ಎಂದು ಕೇಳಬೇಕಾದವನೂ ನಾನೇ.

ಕೇರಿಗೆ ಹೋದೆ. ಅಪ್ಪ ಗುಂಡಿಯ ದಂಡೆಯಲ್ಲಿ ಕೂತು ತೊಗಲು ಕೆರೆಯುತ್ತಿದ್ದ. ಹದಿಮೂರು ಮನೆಯ ಗಂಡಸರು ಸೇರಿದರು.

"ಏನೈತಪಾ ಅದರಾಗ?" ಎಂದ ಅಪ್ಪ.

"ಮೆಂಬರ್ ಸಾಹೇಬ್ರ ಕಾಗದ" ಎಂದೆ. "ಹಳ್ಳದ ಕೆಲಸದ್ದು. ಕೇರಿಗೆ ಛಲೋ ಆಗ್ತದ."

"ಬಾವಿ ಕೊಟ್ಟ ಧಣಿ" ಎಂದ ಅಪ್ಪ, ಬೇರೆಯವರ ಕಡೆ ತಿರುಗಿ. "ಅವರು ಕೇಳಿದಾಗ ಒಲ್ಲೆ ಅನ್ನಾಕ ಬರೂದಿಲ್ಲ. ಒತ್ರಿ."

ಓದಿ ಹೇಳು ಎಂದು ಯಾರೂ ಕೇಳಲಿಲ್ಲ. ಕಾಗದ ತಂದವನು ಮಗನಾಗಿದ್ದಾಗ ಓದಿಸಿ ಕೇಳುವುದು ಅವಮಾನ ಎಂದು ನಮ್ಮವರ ಲೆಕ್ಕ. ಒಬ್ಬೊಬ್ಬರಾಗಿ ಬಂದು ಒತ್ತಿದರು. ಅಪ್ಪ ಎಲ್ಲರಿಗಿಂತ ಮೊದಲು.

ಜೇವರ್ಗಿಗೆ ವಾಪಸು ಬಂದು ಕಾಗದ ಬಿಚ್ಚಿ ನೋಡಿದರೆ ಹದಿಮೂರು ಕರಿ ಮಚ್ಚೆ. ಒಂದರಲ್ಲೂ ಗೆರೆ ಇಲ್ಲ. ವರ್ಷಗಟ್ಟಲೆ ಸುಣ್ಣದಲ್ಲಿ ಮುಳುಗಿದ ಬೆರಳುಗಳು, ಗೆರೆಗಳನ್ನು ಸುಣ್ಣ ತಿಂದು ಮುಗಿಸಿತ್ತು. ಇಂಥ ಕಾಗದವನ್ನು ಕಚೇರಿಯ ಗುಮಾಸ್ತರಾದ ಪೇಷಕಾರರು ತೆಗೆದುಕೊಳ್ಳುವುದಿಲ್ಲ. ಹಿಂದೆ ನಮ್ಮ ಕೇರಿಯ ಅರ್ಜಿಗಳು ಹಾಗೇ ವಾಪಸಾಗಿದ್ದವು. ಸಾಹೇಬರು ಅದೇ ಮಧ್ಯಾಹ್ನ ಕಾಗದ ಬೇಕೆಂದಿದ್ದರು. ಅರ್ಜಿ ಬರೆಯುವವರ ಕಸುಬಿನಲ್ಲಿ ಒಂದು ಕಳ್ಳದಾರಿ ಇತ್ತು. ಮುದುಕಿಯೊಬ್ಬಳು ಹಾಸಿಗೆ ಹಿಡಿದಿದ್ದರೆ, ದೂರದ ಊರಿನವನು ಬರಲಾಗದಿದ್ದರೆ, ನಾವೇ ಅವರ ಬದಲಿಗೆ ಒತ್ತಿಬಿಡುತ್ತಿದ್ದೆವು. ತಪ್ಪು ಎಂದು ಎಲ್ಲರಿಗೂ ಗೊತ್ತು, ಎಲ್ಲರೂ ಮಾಡುತ್ತಿದ್ದರು. ಅನುಭವಸ್ಥರು ಹತ್ತು ಬೆರಳನ್ನೂ ಬದಲಿಸಿ ಬದಲಿಸಿ, ಓರೆಯಾಗಿ, ನೆಟ್ಟಗೆ ಒತ್ತುತ್ತಿದ್ದರು. ನನಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಹೊಸ ಕಾಗದದ ಮೇಲೆ ಮಹಜರನ್ನು ಇನ್ನೊಮ್ಮೆ ಬರೆದು, ಎಡಗೈ ಹೆಬ್ಬೆಟ್ಟಿಗೆ ಮಸಿ ಹಚ್ಚಿ, ಒಂದರ ಕೆಳಗೊಂದು ಹದಿಮೂರು ಸಲ ಕುಟ್ಟಿದೆ. ಆ ಬೆರಳಿನ ಮೇಲೆ ಅಡ್ಡಲಾಗಿ ಹಳೆಯ ಗಾಯದ ಗೆರೆಯಿತ್ತು, ಸಣ್ಣಂದಿನಲ್ಲಿ ತೊಗಲು ಕೊಯ್ಯುವ ಅಪ್ಪನ ರಾಪಿಯೊಂದಿಗೆ ಆಡಿ ಕೊಯ್ದುಕೊಂಡದ್ದು. ಅದೂ ಹದಿಮೂರು ಸಲ ಮೂಡಿತು. ನಾನು ನೋಡಲಿಲ್ಲ, ಬೂದಿಯಿಂದ ಕೈ ತಿಕ್ಕಿಕೊಂಡು ಚಾ ಕುಡಿಯಲು ಹೋದೆ.

ಎಂಟು ಹತ್ತು ದಿನ ಕಳೆದಿರಬೇಕು. ಅಪ್ಪ ಜೇವರ್ಗಿಗೆ ನಡೆದುಕೊಂಡು ಬಂದ, ಜೊತೆಗೆ ಕೇರಿಯ ನಾಲ್ಕು ಮಂದಿ. ಬೇವಿನ ಗಿಡದ ಕೆಳಗೆ ನನ್ನೆದುರು ಕುಕ್ಕರಗಾಲಲ್ಲಿ ಕೂತ.

"ಕಂಪನಿ ಮಂದಿ ಬಂದು ಗಿಡಕ್ಕೆಲ್ಲ ಡಾಂಬರ್ ಗುರ್ತ ಹಾಕಿ ಹೋಗ್ಯಾರ" ಎಂದ. "ಒಣಗಿದ್ದೂ ಇಲ್ಲ, ಹಸೀದೂ ಇಲ್ಲ, ಒಂದೂ ಬಿಟ್ಟಿಲ್ಲ. ತೂಗಹಾಕಿದ ತೊಗಲು ಇಳಸ್ರಿ ಅಂದ್ರು. ನೀ ಒಂದ್ ಅರ್ಜಿ ಬರಿಯಪಾ. ನಾವ್ ಒಪ್ಪಿಲ್ಲಂತ ಬರಿ."

ಆಗಲೇ ಹೇಳಬಹುದಿತ್ತು. ಐದೂ ಮಂದಿ ನನ್ನ ಬಾಯನ್ನೇ ನೋಡುತ್ತಿದ್ದರು. ನಾನು ಕಾಗದ ತೆಗೆದು ಬರೆಯತೊಡಗಿದೆ. ಅಂಥ ಅರ್ಜಿ ನಾನು ಮೊದಲೂ ಬರೆದಿರಲಿಲ್ಲ, ಆಮೇಲೂ ಬರೆದಿಲ್ಲ. ಒಂದು ಮಗ್ಗುಲಿನ ತೊಗಟೆಯ ಕಟ್ಟಳೆ ಬರೆದೆ, ಜಾಲಿ ಹೋದರೆ ಬಾನಿ ಹೋಗುತ್ತದೆ, ಬಾನಿ ಹೋದರೆ ರೈತರ ಬಾವಿ ನಿಲ್ಲುತ್ತದೆ ಎಂದು ಬರೆದೆ. ಎರಡು ಅರ್ಜಿಗೂ ಕೈ ಒಂದೇ. ಬೇಲಿಯೇ ಎದ್ದು ಹೊಲ ಮೇಯ್ದು, ಆಮೇಲೆ ಮೇಯ್ದವರು ಯಾರೆಂದು ಫಿರ್ಯಾದು ಕೊಟ್ಟ ಹಾಗಿತ್ತು ನನ್ನ ಸ್ಥಿತಿ. ಚೆನ್ನಾಗಿ ಬರೆದರೆ ಪಾಪ ಕಳೆಯುತ್ತದೆ ಎಂದು ಎಲ್ಲೋ ಒಳಗೆ ಆಸೆ.

ತಹಸೀಲ್ದಾರರು ಅರ್ಜಿ ಓದಿ ಎಲ್ಲರನ್ನೂ ಒಳಗೆ ಕರೆಸಿದರು. ಕೇರಿಯವರು ಹೊಸ್ತಿಲ ಹೊರಗೆ ನಿಂತರು. ನಾನು ಬರೆದುಕೊಟ್ಟವನಾದ್ದರಿಂದ ಒಳಗೆ, ಗೋಡೆಯ ಪಕ್ಕ. ಮೆಂಬರ್ ಸಾಹೇಬರು ಆಗಲೇ ತಹಸೀಲ್ದಾರರ ಪಕ್ಕದ ಕುರ್ಚಿಯಲ್ಲಿದ್ದರು. ಅವರ ಕೈಯಲ್ಲಿ ಚಾ.

"ಅರೇ ಭಾಯಿ, ಮಹಜರ್ ಆಗೇದಲ್ಲಾ" ಎಂದರು ತಹಸೀಲ್ದಾರರು, ನಾನು ಮುದ್ರೆ ಒತ್ತಿದ್ದ ಆ ಕಾಗದ ಎತ್ತಿ ತೋರಿಸಿ. "ಕಡೀಲಿ ಅಂತ ನೀವ ಅಂಗೂಠಾ ಒತ್ತೀರಿ. ಈಗ ಒಲ್ಲೆವಂದ್ರ ಹ್ಯಾಂಗ?"

ಅಪ್ಪ ತಲೆಯ ರುಮಾಲು ತೆಗೆದು ಕಂಕುಳಲ್ಲಿಟ್ಟುಕೊಂಡ. "ಒತ್ತಿದ್ದು ಖರೇ ಅದರಿ. ಆದ್ರ ಕಡೀಲಿ ಅಂತ ಒತ್ತಿಲ್ರಿ." ಮುಂದೆ ಬಗ್ಗಿ, ದೂರದಿಂದಲೇ, ಕಾಗದದ ಕಡೆ ನೋಡಿದ. ಆಮೇಲೆ ಎಂದ: "ಸಾಹೇಬ್ರ, ಅದು ನಮ್ಮ ಹೆಬ್ಬೆಟ್ಟು ಅಲ್ರಿ. ಅದರಾಗ ಗೆರಿ ಅವ. ನಮ್ಮ ಹೆಬ್ಬಟ್ಟಿಗೆ ಗೆರಿ ಎಲ್ಲಿ ಅವರಿ?"

ತನ್ನ ಹೆಬ್ಬೆಟ್ಟು ಎತ್ತಿ ತೋರಿಸಿದ. ತಹಸೀಲ್ದಾರರಿಗೆ ಈಗ ಹುರುಪು ಬಂತು. ಮಸಿಯ ಡಬ್ಬಿ ತರಿಸಿ, ಅಪ್ಪನಿಂದ ಒಂದು ಖಾಲಿ ಕಾಗದದ ಮೇಲೆ ಒತ್ತಿಸಿದರು. ಕರಿ ಮಚ್ಚೆ. ಮಹಜರನ್ನು ಕಿಟಕಿಯ ಬೆಳಕಿಗೆ ಹಿಡಿದರು. ಒಂದೊಂದೇ ನೋಡುತ್ತ ಹೋದರು. ಅವರ ತುಟಿ ಎಣಿಸುವಂತೆ ಅಲುಗುತ್ತಿತ್ತು.

"ಇವೆಲ್ಲಾ ಒಬ್ಬಂದ" ಎಂದರು. "ಹದಿಮೂರೂ ಒಬ್ಬಂದ ಅಂಗೂಠಾ. ಇದು ಜಾಲ್‌ಸಾಜಿ. ಜೇಲಿನ ಕೆಲಸ. ಯಾರಂದು ಇದು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಎಡಗೈ ತಾನಾಗಿಯೇ ಮುಷ್ಟಿ ಕಟ್ಟಿತು. ಮೆಂಬರ್ ಸಾಹೇಬರು ಬಸಿಯಲ್ಲಿ ಚಾ ಆರಿಸುತ್ತ ನನ್ನ ಕಡೆ ಒಮ್ಮೆ ನೋಡಿದರು. ಬೆದರಿಕೆಯೂ ಇಲ್ಲ, ಕರುಣೆಯೂ ಇಲ್ಲ, ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುವವರ ನೋಟ. ನನ್ನದು ಎಂದು ನಾನು ಹೇಳಿದರೆ ಮಹಜರು ರದ್ದಾಗುತ್ತದೆ, ಹಳ್ಳದ ಜಾಲಿ ಉಳಿಯುತ್ತದೆ, ನಾನು ಜೈಲಿಗೆ ಹೋಗುತ್ತೇನೆ. ಇಷ್ಟು ಸರಳವಾದ ಲೆಕ್ಕ ನನ್ನ ಬದುಕಿನಲ್ಲಿ ಮತ್ತೆ ಬರಲಿಲ್ಲ. ನಾನು ಬಾಯಿ ತೆರೆದೆ. ದೇವರಾಣೆ, ತೆರೆದೆ. ಏನು ಹೇಳಲು ತೆರೆದೆ ಎಂಬುದು ಮಾತ್ರ ಇಷ್ಟು ವರ್ಷ ಯೋಚಿಸಿದರೂ ನನಗೆ ತಿಳಿದಿಲ್ಲ.

ಅಷ್ಟರಲ್ಲಿ ತಹಸೀಲ್ದಾರರು ಹೊಸ್ತಿಲವರೆಗೆ ಬಂದು ಕಾಗದವನ್ನು ಅಪ್ಪನ ಮುಖದ ಹತ್ತಿರ ಹಿಡಿದಿದ್ದರು, ನೋಡು, ಗುರುತು ಸಿಗುತ್ತದೋ ಎಂಬಂತೆ. ಅಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ, ತೊಗಲಿನ ಮೇಲಿನ ಗಾಯ ಓದಲು ಬರುತ್ತಿತ್ತು. ಯಾವ ದನಕ್ಕೆ ಎಲ್ಲಿ ಮುಳ್ಳು ಚುಚ್ಚಿತ್ತು, ಎಲ್ಲಿ ನೊಗ ಉಜ್ಜಿತ್ತು ಎಂದು ಹದವಾದ ತೊಗಲು ನೋಡಿ ಹೇಳುತ್ತಿದ್ದವನು ಅವನು. ಹದಿಮೂರು ಮುದ್ರೆಯ ಮೇಲೂ ಅಡ್ಡಲಾಗಿ ಎಳೆದ ಆ ಬಿಳಿ ಗೆರೆಯ ಮೇಲೆ ಅವನ ಕಣ್ಣು ನಿಂತದ್ದನ್ನು ನಾನು ಕಂಡೆ. ಆ ಗಾಯಕ್ಕೆ ಅರಿಶಿನ ತುಂಬಿ ಬಟ್ಟೆ ಸುತ್ತಿದವನು ಅವನೇ. ಅವನು ನನ್ನ ಕಡೆ ತಿರುಗಿ ನೋಡಲಿಲ್ಲ. ನೋಡಿದ್ದರೆ ಎಲ್ಲರೂ ನೋಡುತ್ತಿದ್ದರು.

"ಹೌದ್ರಿ ಸಾಹೇಬ್ರ" ಎಂದ ಅಪ್ಪ. "ಇದು ನಂದ ಅದರಿ."

"ನಿಂದ? ಈಗ ಗೆರಿ ಇಲ್ಲಂದಿ?"

"ಆವಾಗ ಎಂಟು ದಿನ ಜ್ವರ ಬಂದಿತ್ರಿ. ಸುಣ್ಣ ಮುಟ್ಟಿದ್ದಿಲ್ಲ, ಗೆರಿ ಎದ್ದಿದ್ದುವು. ಕೇರಿ ಹಿರಿಯ ನಾನ. ಎಲ್ಲಾರ ಪರವಾಗಿ ನಾನ ಒತ್ತೇನ್ರಿ. ಇವರೆಲ್ಲಾರೂ ಒಪ್ಪಿದ್ರು. ಈಗ ಮನಸ್ಸು ತಿರುಗಿ ಬಂದೇವ್ರಿ, ತಪ್ಪಾತು."

ಇದು ಸುಳ್ಳೆಂದು ಆ ಕೋಣೆಯಲ್ಲಿ ಎಲ್ಲರಿಗೂ ತಿಳಿದಿತ್ತು. ಎಂಟು ದಿನದ ಜ್ವರಕ್ಕೆ ಬೆರಳಿನ ಗೆರೆ ಮೂಡುವುದಾದರೆ ಸುಣ್ಣದ ಗುಂಡಿಯವರೆಲ್ಲ ಜ್ವರ ಬೇಡಿಕೊಳ್ಳುತ್ತಿದ್ದರು. ಆದರೆ ಆ ಸುಳ್ಳು ಎಲ್ಲರಿಗೂ ಅನುಕೂಲದ್ದು. ಕುರ್ಚಿಯಲ್ಲಿ ಮೆಂಬರ್ ಸಾಹೇಬರಿದ್ದರು. ತಹಸೀಲ್ದಾರರು ಕಾಗದವನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು, ಕಡತದೊಳಗೆ ಇಟ್ಟು, ದಾರ ಕಟ್ಟಿದರು. ಹೊರಗೆ ನಿಂತಿದ್ದ ನಾಲ್ವರಲ್ಲಿ ಒಬ್ಬ ಏನೋ ಹೇಳಹೋದ; ಅಪ್ಪ ಕೈಯೆತ್ತಿ ತಡೆದ. ಅವರೆಲ್ಲ ಮೆಟ್ಟಿಲಿಳಿದು ಹೋದರು.

ಮುಂದಿನದನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ನನ್ನನ್ನು ಕೂರಗೊಡದೆ ಎಬ್ಬಿಸುವ ಸಂಗತಿ ಇವುಗಳಲ್ಲಿ ಯಾವುದೂ ಅಲ್ಲ. ಹಳ್ಳದ ಎರಡೂ ದಂಡೆ ಒಂದು ತಿಂಗಳೊಳಗೆ ಬೋಳಾಯಿತು. ಗುಂಡಿಗಳು ಬತ್ತಿದವು. ಕೇರಿಯವರು ಕೆಲ ಕಾಲ ಆ ಕಂಪನಿಯ ಇದ್ದಲಿ ಭಟ್ಟಿಯಲ್ಲೇ ಕೂಲಿ ಮಾಡಿದರು, ಆಮೇಲೆ ಕೆಲವರು ಸೊಲ್ಲಾಪುರಕ್ಕೆ ಹೋದರು. ನನಗೆ ನೌಕರಿ ಸಿಕ್ಕಿತು, ಕುರ್ಚಿ, ಮೇಜು, ಹಂಚಿನ ಸೂರು ಎಲ್ಲವೂ. ಆ ತಹಸೀಲ್ದಾರರು ನಿವೃತ್ತರಾದ ಮೇಲೆ ಅದೇ ಕಂಪನಿಯ ಸಲಹೆಗಾರರಾದರೆಂದು ಕೇಳಿದೆ. ಕೇಳಿ ಆಶ್ಚರ್ಯವೇನೂ ಆಗಲಿಲ್ಲ. ಅಪ್ಪ ಆ ಮುದ್ರೆಯ ಮಾತನ್ನು ನನ್ನೆದುರು ಎಂದೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಅವನು ಸಾಯುವ ಮುಂಚೆ ನಾನು ಒಂದು ಸಲವಾದರೂ ಹೇಳಬೇಕಾಗಿತ್ತು. ನಾಚಿಕೆಯಾಗುತ್ತದೆ.

ನನಗೆ ಹೇಳಬೇಕಾದದ್ದು ಅದೇ ದಿನದ ಸಂಜೆಯದು. ವಿಚಾರಣೆ ಮುಗಿದ ಮೇಲೆ ಮೆಂಬರ್ ಸಾಹೇಬರು ಅಫಜಲಪುರಕ್ಕೆ ಹೊರಟರು. ಭೀಮೆಯ ಈಚೆ ದಡದವರೆಗೆ ಬಸ್ಸು, ಅಲ್ಲಿಂದ ದೋಣಿ. ನಾನೂ ಹತ್ತಿದೆ. ಬಸ್ಸಿನ ತುಂಬ ಘತ್ತರಗಿಯ ಭಾಗ್ಯವಂತಿ ದೇವಿಗೆ ಹೊರಟ ಮಂದಿ, ತೊಡೆಯ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಕೂತಿದ್ದರು. ಸಾಹೇಬರು ಮುಂದಿನ ಸೀಟಿನಲ್ಲಿ, ಅವರ ಪಕ್ಕದಲ್ಲಿ ನಾನು; ಅವರ ಮುನ್ಷಿಯೆಂದು ನನ್ನನ್ನು ಯಾರೂ ಎಬ್ಬಿಸುತ್ತಿರಲಿಲ್ಲ.

"ನಿಮ್ಮಪ್ಪ ಸ್ಯಾಣೇ ಮನಷ್ಯಾ" ಎಂದರು ಸಾಹೇಬರು, ಮೆಲ್ಲಗೆ. "ಫಿಕರ್ ಮಾಡಬ್ಯಾಡ. ಅವರಿಗೆ ಏನರ ಮಾಡೂಣು."

ಕೊಳಕೂರಿನ ಕಡೆಗೆ ತಿರುಗುವ ಏರಿನಲ್ಲಿ ಬಸ್ಸು ಸೊರಗಿತು. ಇದ್ದಲಿ ಬಸ್ಸುಗಳಿಗೆ ಏರು ಆಗದು. ಎಂಜಿನ್ನು ಎರಡು ಸಲ ಗೊರಕೆ ಹೊಡೆದು ನಿಂತಿತು. ಕ್ಲೀನರ್ ಹಿಂದೆ ಓಡಿ ಭಟ್ಟಿ ಕೆದಕಿದ. ಗಂಡಸರೆಲ್ಲ ಇಳಿದು ತಳ್ಳಬೇಕೆಂದು ಡ್ರೈವರ್ ಕೂಗಿದ.

ನಾನು ಏಳಹೋದೆ. ಸಾಹೇಬರು ನನ್ನ ತೋಳಿನ ಮೇಲೆ ಕೈಯಿಟ್ಟರು. "ಕುಂದ್ರಪಾ. ನೀ ಇನ್ನು ನೌಕರಿ ಮನಷ್ಯಾ."

ಅಷ್ಟರಲ್ಲಿ ಏರಿನ ಮೇಲೆ ನಡೆದು ಹೋಗುತ್ತಿದ್ದ ಐದು ಮಂದಿಯನ್ನು ಕ್ಲೀನರ್ ಕೂಗಿ ಕರೆದ. "ಏ ಯಣ್ಣಾ, ಜರಾ ಕೈ ಹಚ್ರಲೇ!" ನಾನು ಹೊರಗೆ ಬಗ್ಗಿ ನೋಡಿದೆ. ಮುಂದೆ ಅಪ್ಪ, ಹಿಂದೆ ನಮ್ಮ ಕೇರಿಯ ನಾಲ್ವರು. ಬೆಳಗಿನಿಂದ ಎರಡನೇ ಸಲ ಅದೇ ದಾರಿ ನಡೆದವರು. ಅವರು ಆ ಬಸ್ಸಿನ ಸೀಟಿನ ಮೇಲೆ ಕೂರುವಂತಿರಲಿಲ್ಲ, ಹತ್ತಿದರೆ ಹಿಂದಿನ ಬಾಗಿಲಲ್ಲಿ ನಿಲ್ಲಬೇಕು. ಬಸ್ಸು ತಳ್ಳಲು ಮಾತ್ರ ಯಾರೂ ಜಾತಿ ಕೇಳಲಿಲ್ಲ. ತೆಂಗಿನಕಾಯಿಯವರ ಪಕ್ಕದಲ್ಲೇ ಅವರೂ ಹೆಗಲು ಕೊಟ್ಟರು.

ಅಪ್ಪ ನನ್ನ ಕಿಟಕಿಯ ಹತ್ತಿರವೇ ಬಂದ. ನನ್ನನ್ನು ನೋಡಿದ. ಸಾಹೇಬರನ್ನೂ ನೋಡಿದ. ಅವನ ಮುಖದಲ್ಲಿ ಸಿಟ್ಟು ಹುಡುಕಿದೆ, ಸಿಕ್ಕಿದ್ದರೆ ಒಳ್ಳೆಯದಿತ್ತು.

"ಗಟ್ಟಿ ಹಿಡಕೊಂಡು ಕುಂದ್ರು" ಎಂದ. "ಬಸ್ಸು ಜಗ್ಗಿ ಜಿಗೀತದ."

ಆಮೇಲೆ ಹಿಂದಕ್ಕೆ ಹೋಗಿ ಬೇರೆಯವರ ಜೊತೆ ಕೈ ಹಚ್ಚಿದ. ಅವನ ಉಸಿರು ನನಗೆ ಕೇಳುತ್ತಿತ್ತು, ಅಥವಾ ಕೇಳಿತೆಂದು ನಾನು ಇಷ್ಟು ವರ್ಷ ನಂಬಿದ್ದೇನೆ. ಬಸ್ಸು ಒಂದು ಮೊಳ ಉರುಳಿತು, ನಿಂತಿತು, ಮತ್ತೆ ಉರುಳಿತು. ಎಂಜಿನ್ನು ಹತ್ತಿಕೊಂಡಿತು. ಇಳಿದಿದ್ದ ಪ್ರಯಾಣಿಕರು ಓಡೋಡಿ ಬಂದು ಹತ್ತಿದರು. ಹಿಂದೆ ನೋಡಿದರೆ ಭಟ್ಟಿಯ ಕರಿ ಹೊಗೆಯಲ್ಲಿ ಐದು ಮಂದಿ ಕೆಮ್ಮುತ್ತ ರಸ್ತೆಯ ಬದಿಗೆ ಸರಿಯುತ್ತಿದ್ದರು.

ಇಳಿಯಬೇಕಿತ್ತು. ಬಸ್ಸು ಇನ್ನೂ ನಡಿಗೆಯ ವೇಗದಲ್ಲೇ ಇತ್ತು, ಬಾಗಿಲೂ ತೆರೆದೇ ಇತ್ತು. ಹುಟ್ಟಿದಾಗಿನಿಂದ ಒಂದು ಕಡೆ ಕೂರಲು ಬಾರದ ನಾನು ಆ ದಿನ, ಭೀಮೆಯ ದಡ ಬರುವವರೆಗೂ, ಸೀಟಿನಿಂದ ಅಲುಗಲಿಲ್ಲ.